ಅಡುಗೆಮನೆಯ ಕಿಟಕಿಯಿಂದ: ಕನ್ನಡಿಗೆ ಚೆಂದ, ನದಿಗೆ ಸಲ್ಲದ ಕೋಟು



ಹೋದ ತಿಂಗಳು ನಮ್ಮ ಸಂಘದ ರಾಜ್ಯೋತ್ಸವದ ಊಟದಲ್ಲಿ ನಿಮ್ಮ ಪೈಕಿಯ ಒಬ್ಬ ಹುಡುಗ ನನ್ನ ಪಕ್ಕದಲ್ಲಿ ಕುಳಿತಿದ್ದ. ಬಿಸಿಬೇಳೆಬಾತಿಗೆ ತುಪ್ಪ ಹಾಕಿಸಿಕೊಳ್ಳುತ್ತಾ, “ಆಂಟಿ, ಮಾರ್ಚಿನಲ್ಲಿ ನಾವು ನಾಲ್ಕು ಜನ ಹಿಮಾಚಲಕ್ಕೆ ಟ್ರೌಟ್ ಮೀನು ಹಿಡಿಯೋಕೆ ಹೋಗ್ತಾ ಇದ್ದೀವಿ. ಒಂದು ದಪ್ಪ ಜಾಕೆಟ್ ತಗೊಂಡ್ರೆ ಸಾಕಲ್ವಾ?” ಎಂದು ಕೇಳಿದ. ನನ್ನ ಕೈಯಲ್ಲಿದ್ದ ಹಪ್ಪಳ ಕೈಯಲ್ಲೇ ಉಳಿಯಿತು. “ಸಾಲದು ಮರಿ. ಮುಂದಿನ ಸಂಚಿಕೆಯಲ್ಲಿ ಬರೀತೀನಿ, ಓದು” ಎಂದೆ. “ಕನ್ನಡ ಓದೋದು ಸ್ವಲ್ಪ ನಿಧಾನ ಆಂಟಿ” ಎಂದ. ನಿಧಾನವಾಗಿಯೇ ಓದಲಿ. ಅಂಗಡಿಗೆ ಹೋಗುವ ಮೊದಲು ಓದಿ ಮುಗಿಸಿದರೆ ಸಾಕು.

ಮೀನು ತಿನ್ನದ ಮನೆಯ ಮಕ್ಕಳು ದಯವಿಟ್ಟು ಪುಟ ತಿರುಗಿಸಬೇಡಿ. ಹಿಡಿದ ಮೀನನ್ನು ಮತ್ತೆ ನೀರಿಗೇ ಬಿಟ್ಟು ಬರುವವರೂ ಅನೇಕರಿದ್ದಾರೆ. ಅದಲ್ಲದೆ ನಾನು ಹೇಳಹೊರಟಿರುವುದು ಮೀನಿನ ಮಾತಲ್ಲ, ಮೈಯ ಮಾತು. ಹಿಮ ನೋಡಲು, ಬೆಟ್ಟ ಹತ್ತಲು ಹೋಗುವ ಎಲ್ಲರಿಗೂ ಇದು ಸಲ್ಲುತ್ತದೆ.

ಟ್ರೌಟ್ ನಮ್ಮ ದೇಶದ ಮೀನಲ್ಲ. ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಬ್ರಿಟಿಷರು ತಂದು ಕಾಶ್ಮೀರದಲ್ಲಿ, ಆಮೇಲೆ ಕುಲ್ಲು ಕಡೆಯ ಹೊಳೆಗಳಲ್ಲಿ ಬಿಟ್ಟರು. ಅದಕ್ಕೆ ತಣ್ಣಗಿನ, ತಿಳಿಯಾದ, ಹರಿಯುವ ನೀರೇ ಬೇಕು. ತೀರ್ಥನ್ ನದಿ ಅಂಥದ್ದು. ಗ್ರೇಟ್ ಹಿಮಾಲಯನ್ ರಾಷ್ಟ್ರೀಯ ಉದ್ಯಾನದ ಎತ್ತರದಲ್ಲಿ ಹುಟ್ಟಿ, ಬಂಜಾರ್ ಕಣಿವೆಯಲ್ಲಿ ಇಳಿದು, ಲಾರ್ಜಿಯ ಬಳಿ ಬಿಯಾಸ್ ನದಿಯನ್ನು ಸೇರುತ್ತದೆ. ಮೀನು ಮೊಟ್ಟೆಯಿಡುವ ಕಾಲವೆಂದು ಹಿಮಾಚಲದ ಟ್ರೌಟ್ ಹೊಳೆಗಳಲ್ಲಿ ನವೆಂಬರ್ 1ರಿಂದ ಫೆಬ್ರವರಿ ಕೊನೆಯವರೆಗೆ ಗಾಳ ಹಾಕುವಂತಿಲ್ಲ. ಹಾಗಾಗಿ ಮಾರ್ಚ್ ಬಂದ ಕೂಡಲೇ ಎಲ್ಲರಿಗೂ ಅವಸರ. ಮೀನುಗಾರಿಕೆ ಇಲಾಖೆಯ ಪರವಾನಗಿ ಪಡೆದು ಹೊರಟೇ ಬಿಡುತ್ತಾರೆ.

ಮೋಸವಿರುವುದು ಇಲ್ಲೇ. ಮಾರ್ಚ್ ಎಂದರೆ ದೆಹಲಿಯಲ್ಲಿ ಫ್ಯಾನು ಒರೆಸಿ ಹಾಕುವ ಕಾಲ. ರಜಾಯಿ ಮಡಚಿ ಟ್ರಂಕಿಗೆ ಸೇರಿಸುವ ಕಾಲ. ನಾವು ಬ್ಯಾಗು ತುಂಬುವುದು ಈ ಸೆಖೆಯಲ್ಲಿ ಕುಳಿತು. ರಾತ್ರಿ ಬಸ್ಸು ಹತ್ತಿ ಬೆಳಗ್ಗೆ ಔಟ್‌ನಲ್ಲಿ ಇಳಿದರೆ, ಅಲ್ಲಿ ಹೊಳೆಯಲ್ಲಿ ಹರಿಯುತ್ತಿರುವುದು ಕರಗಿದ ಹಿಮ.

2019ರ ಮಾರ್ಚಿನಲ್ಲಿ ನನ್ನ ಮಗನ ಬ್ಯಾಗು ತುಂಬಿದವಳು ನಾನೇ. ಕೋಟು ಕೊಡಿಸಿದವಳೂ ನಾನೇ. ಅಂಗಡಿಯಲ್ಲಿ ಕೈಗೆ ಸಿಕ್ಕಿದ ಡೌನ್ ಜಾಕೆಟ್ ಹೂವಿನಷ್ಟು ಹಗುರ, ಹಾಕಿಕೊಂಡರೆ ಒಲೆಯ ಮುಂದೆ ಕುಳಿತಷ್ಟು ಬೆಚ್ಚಗೆ. ಕನ್ನಡಿಯ ಮುಂದೆ ಮಗ ಚೆನ್ನಾಗಿಯೂ ಕಂಡ. ಒಳಗಿದ್ದದ್ದು ಬಾತುಕೋಳಿಯ ತುಪ್ಪುಳು. ಚೀಟಿಯ ಮೇಲೆ ‘ವಾಟರ್ ರೆಸಿಸ್ಟೆಂಟ್’ ಎಂದು ಬರೆದಿತ್ತು. ಇಂಗ್ಲಿಷಿನಲ್ಲಿ ಬಿ.ಎ. ಮಾಡಿದ ನಾನು ಅಲ್ಲಿ ಒಂದು ಕ್ಷಣ ನಿಂತು ಯೋಚಿಸಬೇಕಿತ್ತು. ‘ರೆಸಿಸ್ಟ್’ ಎಂದರೆ ಎದುರು ನಿಲ್ಲುವುದು, ಕೊನೆಗೆ ಸೋತರೂ ಸೋಲಬಹುದು. ‘ಪ್ರೂಫ್’ ಎಂದರೆ ಒಳಗೆ ಬಿಡದಿರುವುದು. ಮೂರು ವರ್ಷ ಓದಿದ್ದು ಆ ದಿನ ನೆನಪಿಗೆ ಬರಲಿಲ್ಲ.

ಮಗ ವಾಪಸು ಬಂದ ಮೇಲೆ ಬಟ್ಟೆ ಒಗೆಯಲೆಂದು ಬ್ಯಾಗು ಬಿಚ್ಚಿದೆ. ಜಾಕೆಟ್ಟಿನೊಳಗಿನ ತುಪ್ಪುಳು ನೆನೆದ ಹತ್ತಿಯ ಹಾಗೆ ಅಲ್ಲಲ್ಲಿ ಗಂಟುಗಟ್ಟಿತ್ತು, ಮುಗ್ಗಲು ವಾಸನೆ ಬೇರೆ. “ಮಳೆ ಬಂತಮ್ಮ” ಎಂದ. ನಂಬಿದೆ. ಮೂರು ದಿನ ಕಳೆದ ಮೇಲೆ ಅವನ ಸ್ನೇಹಿತ ಫೋನು ಮಾಡಿ, “ಆಂಟಿ, ಅವನು ಈಗ ಹುಷಾರಾಗಿದ್ದಾನಾ?” ಎಂದು ಕೇಳಿದಾಗ ನನ್ನ ಎದೆ ಧಸಕ್ಕೆಂದಿತು.

ನಡೆದದ್ದು ಇಷ್ಟು. ಪಾಚಿ ಹಿಡಿದ ಗುಂಡುಕಲ್ಲಿನ ಮೇಲೆ ಕಾಲಿಟ್ಟು ಜಾರಿ, ಎದೆಯ ಮಟ್ಟದ ನೀರಿಗೆ ಬಿದ್ದಿದ್ದಾನೆ. ಎರಡು ನಿಮಿಷದಲ್ಲಿ ಎದ್ದು ದಡಕ್ಕೂ ಬಂದಿದ್ದಾನೆ. ಎಲ್ಲರೂ ನಕ್ಕಿದ್ದಾರೆ, ಅವನೂ ನಕ್ಕಿದ್ದಾನೆ. ಜೀನ್ಸ್ ಪ್ಯಾಂಟು, ಒಳಗೆ ಹತ್ತಿಯ ಬನಿಯನ್ನು, ಮೇಲೆ ನಾನು ಕೊಡಿಸಿದ ಆ ಜಾಕೆಟ್ಟು, ಎಲ್ಲವೂ ತೊಯ್ದು ಮೈಗೆ ಅಂಟಿದೆ. ಉಳಿದುಕೊಂಡಿದ್ದ ಮನೆಗೆ ಅರ್ಧ ಗಂಟೆಯ ದಾರಿ, ಕಣಿವೆಯಲ್ಲಿ ಗಾಳಿ. ಮೊದಲು ಗಡಗಡ ನಡುಗಿದ. ಆಮೇಲೆ ಮಾತು ತೊದಲಿತು. ಇನ್ನೂ ಸ್ವಲ್ಪ ದೂರ ನಡೆದ ಮೇಲೆ ನಡುಕ ನಿಂತುಹೋಗಿ, “ನನಗೇನೂ ಚಳಿ ಇಲ್ಲ, ಇಲ್ಲೇ ಸ್ವಲ್ಪ ಕೂತ್ಕೋತೀನಿ” ಎಂದನಂತೆ.

ಮಕ್ಕಳೇ, ಈ ಒಂದು ಮಾತನ್ನು ನೆನಪಿಡಿ. ನಡುಗುವಷ್ಟು ಹೊತ್ತು ಮೈ ಹೋರಾಡುತ್ತಿದೆ ಎಂದು ಅರ್ಥ. ಒದ್ದೆ ಬಟ್ಟೆಯಲ್ಲೇ ಇದ್ದು ನಡುಕ ನಿಂತರೆ ಅದು ಸುಧಾರಿಸಿದ್ದಲ್ಲ, ಸೋಲುತ್ತಿರುವುದು. ಜೊತೆಗಿದ್ದ ಊರಿನ ಹುಡುಗನಿಗೆ ಅದು ತಿಳಿದಿತ್ತು. ಅವನು ಕೂರಲು ಬಿಡದೆ ಹತ್ತಿರದ ತನ್ನ ಮನೆಗೆ ಎಳೆದುಕೊಂಡು ಹೋಗಿದ್ದಾನೆ. ಅವನ ತಾಯಿ ಒದ್ದೆ ಬಟ್ಟೆಯನ್ನೆಲ್ಲ ಬಿಚ್ಚಿಸಿ, ಕುಲ್ಲು ಕಡೆಯ ಹೆಂಗಸರು ಉಡುವ ‘ಪಟ್ಟು’ ಎಂಬ ದಪ್ಪ ಉಣ್ಣೆಯ ವಸ್ತ್ರವನ್ನು ಸುತ್ತಿ, ಸಕ್ಕರೆ ಹೆಚ್ಚಾಗಿ ಹಾಕಿದ ಬಿಸಿ ಚಹಾವನ್ನು ಗುಟುಕು ಗುಟುಕಾಗಿ ಕುಡಿಸಿದ್ದಾರೆ. ಕೈಕಾಲು ಉಜ್ಜಲಿಲ್ಲ, ರಮ್ಮು ಬ್ರಾಂದಿ ಕೊಡಲಿಲ್ಲ. ಎರಡೂ ತಪ್ಪು ಎಂದು ನನಗೆ ಆಮೇಲೆ ಡಾಕ್ಟರು ಹೇಳಿದರು. ಆ ತಾಯಿಯ ಮುಖವನ್ನು ನಾನು ನೋಡಿಲ್ಲ. ಪ್ರತಿ ವರ್ಷ ಯುಗಾದಿಗೆ ಒಂದು ಸೀರೆ ಕಳಿಸುತ್ತೇನೆ.

ಏಕೆ ಹೀಗಾಯಿತು ಎಂದು ನಾನು ಬಹಳ ಯೋಚಿಸಿದ್ದೇನೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಸಾಗಿಸುತ್ತದೆ. ಬೆಚ್ಚನೆಯ ಕೋಟು ಎಂದರೆ ನಿಜಕ್ಕೂ ಬಟ್ಟೆಯೊಳಗೆ ಹಿಡಿದಿಟ್ಟ ಗಾಳಿ. ತುಪ್ಪುಳು ಒಣಗಿದ್ದಾಗ ಉಬ್ಬಿ ಗಾಳಿ ಹಿಡಿಯುತ್ತದೆ, ನೆನೆದರೆ ಮುದ್ದೆಯಾಗುತ್ತದೆ. ಗಾಳಿ ಹೋಯಿತು, ಆ ಜಾಗಕ್ಕೆ ನೀರು ಬಂತು. ಹತ್ತಿ ಇನ್ನೂ ಕೆಟ್ಟದ್ದು, ನೀರು ಕುಡಿದು ಬಿಡುವುದೇ ಇಲ್ಲ. ನಮ್ಮ ಸೆಖೆಯ ಊರುಗಳಲ್ಲಿ ಹತ್ತಿ ದೇವರಂಥದ್ದು, ಹಿಮದ ಹೊಳೆಯಲ್ಲಿ ಅದೇ ಶತ್ರು.

ಇದು ನನಗೆ ಗೊತ್ತಿರಬೇಕಿತ್ತು. ನಾನು ತೀರ್ಥಹಳ್ಳಿ ಕಡೆಯವಳು. ಮುಂಗಾರಿನಲ್ಲಿ ಹೊಳೆಯಿಂದ ಗದ್ದೆಗೆ ಮೀನು ಹತ್ತುವ ದಿನ ನಮ್ಮ ಅಜ್ಜಯ್ಯ ಬಿದಿರಿನ ಕೂಣಿ ಇಡಲು ಹೋಗುತ್ತಿದ್ದುದು ಕಂಬಳಿ ಕೊಪ್ಪೆ ಹಾಕಿಕೊಂಡು. ಕಪ್ಪು ಕಂಬಳಿಯನ್ನು ಮಡಚಿ ತಲೆಯಿಂದ ಬೆನ್ನಿಗೆ ಇಳಿಬಿಟ್ಟರೆ ಅದೇ ಕೊಪ್ಪೆ. ನಾಟಿ ಮಾಡುವ ಹೆಂಗಸರು ಬಿದಿರು ಮತ್ತು ಎಲೆಯಿಂದ ಮಾಡಿದ ಗೊರಬು ಹೊತ್ತು ಬಗ್ಗಿ ನಿಲ್ಲುತ್ತಿದ್ದರು, ಮಳೆ ಅದರ ಮೇಲಿಂದ ಜಾರಿ ಹೋಗುತ್ತಿತ್ತು. ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಪಾಲಿನಷ್ಟು ತೇವವನ್ನು ಎಳೆಯೊಳಗೆ ಹೀರಿಕೊಂಡರೂ ಮೈಗೆ ಒದ್ದೆ ಎನಿಸುವುದಿಲ್ಲ. ಕಂಬಳಿ ಬೆಚ್ಚಗಿಡುತ್ತಿತ್ತು, ಗೊರಬು ನೀರು ತಡೆಯುತ್ತಿತ್ತು. ಎರಡು ಕೆಲಸ, ಎರಡು ವಸ್ತು. ನಾನು ಒಂದೇ ಕೋಟಿನಿಂದ ಎರಡನ್ನೂ ಮಾಡಿಸಲು ಹೋದೆ. ಹಾಗೆಂದು ಕಂಬಳಿ ಹೊದ್ದು ತೀರ್ಥನ್‌ಗೆ ಇಳಿಯಬೇಡಿ, ಪೂರ್ತಿ ನೆನೆದರೆ ಅದನ್ನು ಹೊರಲಾಗದು. ಕಲಿಯಬೇಕಾದದ್ದು ಅದರ ಲೆಕ್ಕಾಚಾರವನ್ನು.

ಈಗ ಅಂಗಡಿಗೆ ಹೋಗೋಣ.

ಮೈಗೆ ತಾಗುವುದು ಉಣ್ಣೆಯದೋ ಪಾಲಿಯೆಸ್ಟರಿನದೋ ಇರಲಿ, ಮೇಲೂ ಕೆಳಗೂ. ಅದರ ಮೇಲೆ ಒಂದು ಉಣ್ಣೆ ಸ್ವೆಟರು ಅಥವಾ ಫ್ಲೀಸ್. ಅಮ್ಮನೋ ಅಜ್ಜಿಯೋ ಹೆಣೆದ ಸ್ವೆಟರು ಟ್ರಂಕಿನಲ್ಲಿದ್ದರೆ ಅದನ್ನೇ ತೆಗೆಯಿರಿ, ಹಳೆಯ ಫ್ಯಾಷನ್ ಎಂದು ಮೀನು ನಗುವುದಿಲ್ಲ. ಇನ್ನೂ ಬೆಚ್ಚಗೆ ಬೇಕೆಂದರೆ ಪಾಲಿಯೆಸ್ಟರ್ ತುಂಬಿದ ಜಾಕೆಟ್ ಒಳ್ಳೆಯದು, ನೆನೆದರೂ ತುಪ್ಪುಳಿನಷ್ಟು ಕುಸಿಯುವುದಿಲ್ಲ. ಡೌನ್ ಜಾಕೆಟ್ ಇದ್ದರೆ ಸಂಜೆ ಬೆಂಕಿಯ ಮುಂದೆ ಹಾಕಿಕೊಳ್ಳಿ.

ಎಲ್ಲಕ್ಕಿಂತ ಮೇಲಿನದು ನೀರು ತಡೆಯುವ ತೆಳು ಕೋಟು. ಇದರಲ್ಲಿ ಎರಡು ಜಾತಿ. 1823ರಲ್ಲಿ ಚಾರ್ಲ್ಸ್ ಮ್ಯಾಕಿಂಟಾಷ್ ಎರಡು ಬಟ್ಟೆಗಳ ನಡುವೆ ರಬ್ಬರು ಹಚ್ಚಿ ಪೇಟೆಂಟ್ ಪಡೆದ. ನಮ್ಮ ರಬ್ಬರು ರೇನ್‌ಕೋಟುಗಳು ಆ ವಂಶದವು. ನೀರನ್ನು ಚೆನ್ನಾಗಿ ತಡೆಯುತ್ತವೆ, ಬೆವರನ್ನೂ ತಡೆಯುತ್ತವೆ. ಒಂದೇ ಕಡೆ ಕುಳಿತು ಗಾಳ ಹಾಕುವವರಿಗೆ ಅದೇ ಸಾಕು, ಅಗ್ಗವೂ ಹೌದು. ಆದರೆ ಹೊಳೆಗುಂಟ ನಡೆಯುವವರು ಬೆವರಿನಿಂದಲೇ ತೊಯ್ಯುತ್ತಾರೆ. ಅವರಿಗೆ ಇನ್ನೊಂದು ಜಾತಿ ಬೇಕು. 1969ರಲ್ಲಿ ಅಮೆರಿಕದ ರಾಬರ್ಟ್ ಗೋರ್, ನಮ್ಮ ನಾನ್‌ಸ್ಟಿಕ್ ತವೆಗೆ ಬಳಿಯುವ ಆ ಟೆಫ್ಲಾನ್ ವಸ್ತುವನ್ನೇ ಬಿಸಿಮಾಡಿ ರಪ್ಪನೆ ಎಳೆದಾಗ ಅದು ಸಣ್ಣ ಸಣ್ಣ ರಂಧ್ರಗಳ ಹಾಳೆಯಾಯಿತು. ನೀರಿನ ಹನಿ ಆ ರಂಧ್ರದಲ್ಲಿ ಹಿಡಿಸದು, ಬೆವರಿನ ಆವಿ ಹಿಡಿಸುತ್ತದೆ. ಗೋರ್‌ಟೆಕ್ಸ್ ಎಂದರೆ ಅದೇ. ಅದೇ ತತ್ವದ ಬೇರೆ ಹೆಸರಿನ ಬಟ್ಟೆಗಳೂ ಇವೆ.

ಚೀಟಿಯಲ್ಲಿ ಮಿಲಿಮೀಟರ್ ಲೆಕ್ಕ ನೋಡಿ. ಬಟ್ಟೆಯ ಮೇಲೆ ಎಷ್ಟು ಎತ್ತರ ನೀರು ನಿಲ್ಲಿಸಿದರೆ ಜಿನುಗಲು ಶುರುವಾಗುತ್ತದೆ ಎಂಬುದೇ ಆ ಅಂಕಿ. 10,000 ಎಂದಿದ್ದರೆ 10 ಮೀಟರ್ ನೀರು. ಅದಕ್ಕಿಂತ ಕಡಿಮೆಯದು ಬೇಡ, ಏಕೆಂದರೆ ಮಂಡಿಯೂರಿದಾಗ, ಬ್ಯಾಗಿನ ಪಟ್ಟಿ ಒತ್ತಿದಾಗ ನೀರು ಜೋರಾಗಿ ಒಳನುಗ್ಗುತ್ತದೆ. ಆಮೇಲೆ ಕೋಟನ್ನು ಒಳಮೈ ಹೊರಗೆ ಮಾಡಿ ಹೊಲಿಗೆ ನೋಡಿ. ಪ್ರತಿ ಹೊಲಿಗೆಯ ಮೇಲೂ ಟೇಪು ಅಂಟಿಸಿರಬೇಕು. ಸೂಜಿ ಹೋದ ಕಡೆಯೆಲ್ಲ ತೂತು ಇರುತ್ತದೆ, ಹೊಲಿಗೆ ಗೊತ್ತಿರುವ ನಿಮ್ಮ ಅಮ್ಮನನ್ನು ಕೇಳಿ.

ಕೋಟು ಹಾಕಿ ನೋಡುವಾಗ ಒಳಗೆ ಸ್ವೆಟರು ಹಾಕಿಕೊಂಡೇ ಹೋಗಿ. ಅಂಗಡಿಯವರು ನಕ್ಕರೂ ಚಿಂತೆಯಿಲ್ಲ, ಗಾಳ ಬೀಸುವ ಹಾಗೆ ಕೈ ಮೇಲೆತ್ತಿ ನೋಡಿ. ಬೆನ್ನು ಬಿಗಿಯಬಾರದು, ಸೊಂಟ ಕಾಣಬಾರದು. ಕೈ ಎತ್ತಿದಾಗ ಮಣಿಕಟ್ಟಿನಿಂದ ಮೊಣಕೈಗೆ ನೀರು ಇಳಿಯುತ್ತದೆ, ಆದ್ದರಿಂದ ತೋಳಿನ ತುದಿ ಬಿಗಿಯಾಗಿ ಮುಚ್ಚುವಂತಿರಲಿ. ಟೋಪಿಗೆ ಮುಂದೆ ಸಣ್ಣ ಚಾಚು ಇರಲಿ, ತಲೆ ತಿರುಗಿಸಿದರೆ ಟೋಪಿಯೂ ತಿರುಗಲಿ. ನೀರಿಗಿಳಿಯುವವರಿಗೆ ಸೊಂಟದವರೆಗಿನ ಗಿಡ್ಡ ಕೋಟು, ದಡದಲ್ಲಿ ಕೂರುವವರಿಗೆ ಕೂತ ಜಾಗ ಮುಚ್ಚುವ ಉದ್ದ ಕೋಟು.

ಎದೆಯವರೆಗೆ ಬರುವ ವೇಡರ್ ಹಾಕಿ ಇಳಿಯುವವರಿಗೆ ಒಂದು ಕಟ್ಟಪ್ಪಣೆ: ಸೊಂಟದ ಬೆಲ್ಟನ್ನು ಬಿಗಿಯಾಗಿ ಕಟ್ಟಿಯೇ ಇಳಿಯಿರಿ. ಬಿದ್ದಾಗ ಕಾಲಿನೊಳಗೆ ನೀರು ತುಂಬದಂತೆ ತಡೆಯುವುದು ಅದೊಂದೇ.

ಕೋಟು ಮನೆಗೆ ತಂದ ದಿನವೇ ಪರೀಕ್ಷೆ ಮಾಡಿ. ಒಳಗೆ ತೆಳು ಬಣ್ಣದ ಅಂಗಿ ಹಾಕಿ, ಮೇಲೆ ಕೋಟು ಹಾಕಿ, ಹತ್ತು ನಿಮಿಷ ಷವರಿನ ಕೆಳಗೆ ನಿಲ್ಲಿ. ಎಲ್ಲಿ ಸೋರುತ್ತದೋ ಅಂಗಿಯೇ ಹೇಳುತ್ತದೆ. ಬದಲಾಯಿಸಲು ಅಂಗಡಿ ಹತ್ತಿರದಲ್ಲೇ ಇರುತ್ತದೆ, ಬಂಜಾರ್‌ನಲ್ಲಿ ಇರುವುದಿಲ್ಲ. ಮೇಲೆ ಬಿದ್ದ ನೀರು ತಾವರೆ ಎಲೆಯ ಮೇಲಿನಂತೆ ಮುತ್ತಾಗಿ ಉರುಳುತ್ತಿದ್ದರೆ ಸರಿ, ಬಟ್ಟೆ ನೀರು ಕುಡಿದು ಕಪ್ಪಾಗತೊಡಗಿದರೆ ಒಗೆಯುವ ಹೊತ್ತಾಯಿತು. ಚೀಟಿಯಲ್ಲಿ ಹೇಳಿದಂತೆ ಒಗೆದು ಹದವಾದ ಶಾಖದಲ್ಲಿ ಒಣಗಿಸಿ. ಫ್ಯಾಬ್ರಿಕ್ ಸಾಫ್ಟ್‌ನರ್ ಮಾತ್ರ ಬೇಡ. ಹಳೆಯ ಕೋಟುಗಳ ಮೇಲಿದ್ದ ಫ್ಲೋರಿನ್ ಲೇಪ ಪರಿಸರಕ್ಕೆ ಒಳ್ಳೆಯದಲ್ಲವೆಂದು ಈಗ ಬಿಡುತ್ತಿದ್ದಾರೆ. ಹೊಸ ಲೇಪಕ್ಕೆ ಈ ಆರೈಕೆ ಇನ್ನೂ ಪದೇ ಪದೇ ಬೇಕು.

ಕೊನೆಗೆ ಒಂದು ಜೊತೆ ಒಣ ಬಟ್ಟೆ, ಕಾಲುಚೀಲ ಸಮೇತ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬೆನ್ನಿಗೆ ಇರಲಿ. ರೂಮಿನಲ್ಲಿ ಬಿಟ್ಟ ಒಣ ಬಟ್ಟೆ ಅರ್ಧ ಗಂಟೆ ದೂರ. ಆ ಅರ್ಧ ಗಂಟೆಯ ಬೆಲೆ ನನಗೆ ಗೊತ್ತು.

ಕೋಟು ಚಳಿ ತಡೆಯುತ್ತದೆ, ನದಿಯನ್ನು ತಡೆಯುವುದಿಲ್ಲ. 2014ರ ಜೂನ್ 8ರಂದು ಲಾರ್ಜಿ ಅಣೆಕಟ್ಟಿನಿಂದ ಬಿಟ್ಟ ನೀರಿನಲ್ಲಿ ಹೈದರಾಬಾದಿನ 24 ಎಂಜಿನಿಯರಿಂಗ್ ವಿದ್ಯಾರ್ಥಿಗಳು ಬಿಯಾಸ್ ಪಾಲಾದರು. ನಿಮ್ಮದೇ ವಯಸ್ಸಿನವರು, ನಿಂತು ಫೋಟೋ ತೆಗೆಯುತ್ತಿದ್ದವರು. ಆದ್ದರಿಂದ ಎಲ್ಲಿ ಇಳಿಯಬಹುದು, ಎಲ್ಲಿ ಬಾರದು ಎಂದು ಊರಿನವರನ್ನು ಕೇಳಿಯೇ ಇಳಿಯಿರಿ. ಕೇಳುವುದರಲ್ಲಿ ಅವಮಾನವಿಲ್ಲ.

ನನ್ನ ಮಗ ಈಗಲೂ ತೀರ್ಥನ್‌ಗೆ ಹೋಗುತ್ತಾನೆ. ಬೇಡ ಎನ್ನಲಿಲ್ಲ. ಅಂದು ಕೊಡಿಸಿದ ಕೋಟಿನ ದುಡ್ಡಿನಲ್ಲೇ ಈಗಿನ ಮೂರು ಪದರವೂ ಬಂದವು, ಸ್ವೆಟರು ಮಾತ್ರ ನಾನೇ ಹೆಣೆದದ್ದು. ಹೊರಡುವಾಗ ಬಾಗಿಲಲ್ಲಿ ನಿಂತು, “ಒಣ ಬಟ್ಟೆ?” ಎನ್ನುತ್ತೇನೆ. ಅವನು ಬೆನ್ನ ಚೀಲ ತಟ್ಟಿ ತೋರಿಸುತ್ತಾನೆ. ನಿಮ್ಮ ಅಮ್ಮಂದಿರಿಗೂ ಹಾಗೆ ತೋರಿಸಿ ಹೊರಡಿ. ಮತ್ತೆ ಬಂದು ಮೀನಿನ ಕಥೆ ಹೇಳಿ, ಎಷ್ಟು ಉದ್ದವಿತ್ತೆಂದು ಕೈ ಅಗಲಿಸಿ ತೋರಿಸಿದರೂ ನಾನು ನಂಬುತ್ತೇನೆ.

ಮುಂದಿನ ಸಂಚಿಕೆಯಲ್ಲಿ ಸಿಗೋಣ.

ನಿಮ್ಮ ಆಂಟಿ
(ಅತ್ತೆ ಎಂದು ಕರೆದರೆ ಇನ್ನೂ ಸಂತೋಷ)