ಗುಳಿಗೆಗೂ ಅರ್ಧಾಯುವುಂಟು

ಸಿರುಗುಪ್ಪದಿಂದ ಬೆಳಗಿನ ಬಸ್ಸಿನಲ್ಲಿ ಬಳ್ಳಾರಿಗೆ ಬರುವ ನನ್ನ ವಿದ್ಯಾರ್ಥಿಯೊಬ್ಬನು ಪರೀಕ್ಷೆಯ ಹಿಂದಿನ ದಿನ ಒಂದು ಗುಳಿಗೆಯನ್ನು ತೋರಿಸಿ, "ಸಾರ್, ಇದನ್ನು ನುಂಗಿದರೆ ರಾತ್ರಿಯೆಲ್ಲ ಓದಬಹುದಂತೆ, ಓದಿದ್ದು ಮರೆಯುವುದಿಲ್ಲವಂತೆ" ಎಂದನು. ಅದು ಮೊಡಾಫಿನಿಲ್. ಕುರುಗೋಡಿನ ಸಹಪಾಠಿಯೊಬ್ಬನು ವೈದ್ಯರ ಚೀಟಿಯಿಲ್ಲದೆ ತಂದದ್ದು.

ಹಗಲಿನಲ್ಲಿಯೂ ತಡೆಯಲಾರದ ನಿದ್ರೆ ಬರುವ ರೋಗಿಗಳಿಗೆ ಕೊಡುವ ಔಷಧವಿದು. ನಿದ್ರೆಯನ್ನು ದೂಡುವುದು ನಿಜ. ಆರೋಗ್ಯವಂತನ ಸ್ಮರಣಶಕ್ತಿಯನ್ನು ಬೆಳೆಸುತ್ತದೆಂಬುದಕ್ಕೆ ಆಧಾರ ಬಲು ದುರ್ಬಲ.

ರೇಡಿಯಮ್ಮಿನ ಅರ್ಧಾಯು 1,600 ವರ್ಷಗಳೆಂದು ಈ ಹುಡುಗನು ತಡವರಿಸದೆ ಹೇಳಬಲ್ಲನು. ಗುಳಿಗೆಯ ಅರ್ಧಾಯುವನ್ನು ಮಾತ್ರ ಕೇಳಿರಲಿಲ್ಲ! ಚಹಾದ ಕೆಫೀನು ಸುಮಾರು 5 ಗಂಟೆಗಳಲ್ಲಿ ಅರ್ಧಕ್ಕಿಳಿದರೆ, ಇದಕ್ಕೆ 12ರಿಂದ 15 ಗಂಟೆ ಬೇಕು. ರಾತ್ರಿ 9ಕ್ಕೆ ನುಂಗಿದರೆ, ಮರುದಿನ 10ಕ್ಕೆ ಪ್ರಶ್ನಪತ್ರಿಕೆ ಕೈಸೇರುವಾಗಲೂ ಸರಿಸುಮಾರು ಅರ್ಧವು ದೇಹದಲ್ಲಿಯೇ ಇರುತ್ತದೆ. ಆಗ ತಲೆನೋವು, ಎದೆಬಡಿತ, ಕಳವಳಗಳು ಕಾಣಿಸಿಕೊಂಡರೆ ಆಶ್ಚರ್ಯವೇನು? ಅಪರೂಪವಾಗಿ ಪ್ರಾಣಕ್ಕೇ ಎರವಾಗುವಂಥ ಬೊಬ್ಬೆಗಳು ಚರ್ಮದ ಮೇಲೆ ಏಳುವುದೂ ಉಂಟು. ಮೇಲಾಗಿ, ಓದಿದ್ದು ಮಿದುಳಿನಲ್ಲಿ ನೆಲೆಗೊಳ್ಳುವ ಕಾರ್ಯವು ಬಹುಮಟ್ಟಿಗೆ ನಡೆಯುವುದು ನಿದ್ರೆಯಲ್ಲಿ. ಅದನ್ನೇ ಅಟ್ಟಿ ನೆನಪನ್ನು ಬಯಸುವುದು ವಿಚಿತ್ರವಲ್ಲವೆ?

"ಹಾಗಾದರೆ ಬ್ರಾಹ್ಮಿ, ಸಾರ್?" ಎಂದನು. ಆ ಹೆಸರಿನಲ್ಲಿ ಒಂದೆಲಗ, ನೀರುಬ್ರಾಹ್ಮಿ ಎಂಬ ಎರಡು ಬೇರೆ ಗಿಡಗಳಿವೆ. ನೀರುಬ್ರಾಹ್ಮಿಯಿಂದ ಅಲ್ಪ ಪ್ರಯೋಜನ ಕಂಡ ಪ್ರಯೋಗಗಳಲ್ಲಿಯೂ ಅದನ್ನು ಸುಮಾರು 12 ವಾರಗಳ ಕಾಲ ದಿನವೂ ಸೇವಿಸಲಾಗಿತ್ತು. ನಾಳಿನ ಪರೀಕ್ಷೆಗೆ ಅದು ಒದಗದು.

ಚೀಟಿಯಿಲ್ಲದೆ ಮಾರುವ ಅಂಗಡಿಯನ್ನು ದೂರುವುದು ಸುಲಭ. ರಾತ್ರಿಯಿಡೀ ಎಚ್ಚರವಿದ್ದು ಓದಿದವನನ್ನು ತರಗತಿಯಲ್ಲಿ ಎಲ್ಲರೆದುರು ಹೊಗಳುವ ಅಧ್ಯಾಪಕರು ನಾವು. ಮೊದಲು ಆ ಅಭ್ಯಾಸವನ್ನು ಬಿಡಬೇಕು.