ವಯರಿಲ್ಲದ ಮೆಷಿನ್, ಕೆಲಸದವರ ಜೀವ

ಮೇ 1 ಶ್ರಮಿಕ ಸಂತ ಜೋಸೆಫರ ಹಬ್ಬ. ಪೋಪ್ ಹನ್ನೆರಡನೇ ಪಿಯುಸ್ 1955ರಲ್ಲಿ ಇದನ್ನು ಆರಂಭಿಸಿದರು. ನಮ್ಮ ಧರ್ಮಕೇಂದ್ರಗಳಲ್ಲಿ ಮರಗೆಲಸದವರು, ಮೇಸ್ತ್ರಿಗಳು, ವಯರಿಂಗ್ ಮಾಡುವವರು, ಶೀಟು ಹಾಕುವವರು ಬಹಳ ಮಂದಿ ಇದ್ದಾರೆ. ಉಳಿದ ನಾವು ಅವರಿಂದ ಕೆಲಸ ಮಾಡಿಸುವವರು. ಆದ್ದರಿಂದ ಈ ಸಲ ಬ್ಯಾಟರಿಯಿಂದ ನಡೆಯುವ ಡ್ರಿಲ್ಲು, ಕಟ್ಟರ್, ಸ್ಕ್ರೂ ಮೆಷಿನ್‌ಗಳ ಬಗ್ಗೆ ತಿಳಿಯೋಣ.

ಬ್ಯಾಟರಿ ಡ್ರಿಲ್ಲು ಹೊಸ ವಸ್ತುವಲ್ಲ. ಅಮೆರಿಕದ ಬ್ಲ್ಯಾಕ್ ಅಂಡ್ ಡೆಕ್ಕರ್ ಕಂಪೆನಿ 1961ರಲ್ಲೇ ಅದನ್ನು ಹೊರತಂದಿತ್ತು. ಹಳೆಯ ಬ್ಯಾಟರಿ ಭಾರವಾಗಿತ್ತು, ಬೇಗ ಇಳಿಯುತ್ತಿತ್ತು. 2005ರ ಸುಮಾರಿಗೆ ಮೊಬೈಲಿನಲ್ಲಿರುವಂಥ ಲಿಥಿಯಂ ಅಯಾನ್ ಬ್ಯಾಟರಿ ಈ ಮೆಷಿನ್‌ಗಳಿಗೂ ಬಂದ ಮೇಲೆ ಇವು ನಿಜವಾಗಿ ಕೆಲಸಕ್ಕೆ ಒದಗಿದವು.

ಮಳೆಗಾಲಕ್ಕೆ ಮೊದಲು ಕಾಸರಗೋಡಿನ ಕಡೆ ತಾರಸಿಗೆ ಶೀಟು ಹಾಕಿಸುವ ಗಡಿಬಿಡಿ. ಕೆಳಗಿನ ಕೋಣೆಯಿಂದ ಮೇಲಿನವರೆಗೆ ವಯರು ಎಳೆಯುತ್ತಾರೆ. ನಡುವೆ ಟೇಪು ಸುತ್ತಿದ ನಾಲ್ಕು ಜೋಡಣೆ. ಪ್ಲಗ್ ಇಲ್ಲದಿದ್ದರೆ ಬೆಂಕಿಕಡ್ಡಿ ಸಿಕ್ಕಿಸಿ ಸಾಕೆಟ್ಟಿಗೆ ತುರುಕುವುದೂ ಉಂಟು. ಅದರಲ್ಲಿ ಹರಿಯುವುದು 230 ವೋಲ್ಟ್. ಒದ್ದೆ ನೆಲ, ಬೆವರಿದ ಕೈ, ಕಬ್ಬಿಣದ ಕಂಬ. ಒಂದು ಕಡೆ ವಯರು ಸವೆದಿದ್ದರೆ ಸಾಕು. ಶಾಕ್ ಸಣ್ಣದಾದರೂ ಏಣಿಯ ಮೇಲಿದ್ದವನು ಕೆಳಗೆ ಬೀಳುತ್ತಾನೆ.

ಬ್ಯಾಟರಿ ಮೆಷಿನ್ ಸಾಮಾನ್ಯವಾಗಿ 12 ಅಥವಾ 18 ವೋಲ್ಟಿನದು. ಎಳೆಯಲು ವಯರಿಲ್ಲ, ಕಾಲಿಗೆ ತೊಡರುವುದಿಲ್ಲ. ಕರೆಂಟು ಹೋದರೂ ಕೆಲಸ ನಿಲ್ಲುವುದಿಲ್ಲ. ಹೊಸ ಮನೆಗೆ ಕನೆಕ್ಷನ್ ಸಿಗುವ ಮೊದಲು ನೆರೆಮನೆಯಿಂದ ವಯರು ಎಳೆಯಬೇಕಾಗಿಯೂ ಇಲ್ಲ.

ಹಾಗೆಂದು ಅಪಾಯವೇ ಇಲ್ಲವೆಂದಲ್ಲ. ಗೋಡೆಯೊಳಗಿನ ವಯರಿಗೆ ಡ್ರಿಲ್ಲು ತಾಗಿದರೆ ಇದರಲ್ಲೂ ಶಾಕ್ ಹೊಡೆಯುತ್ತದೆ. ಗಾರ್ಡ್ ಕಳಚಿದ ಕಟ್ಟರ್ ವಯರಿಲ್ಲದಿದ್ದರೂ ಕೈ ಕತ್ತರಿಸುತ್ತದೆ. ಕಲ್ಲಿನ, ಟೈಲ್ಸಿನ ಧೂಳು ಶ್ವಾಸಕೋಶಕ್ಕೆ ಕೇಡು; ಮಾಸ್ಕ್ ಬೇಕೇ ಬೇಕು. ದಿನವಿಡೀ ಕಾಂಕ್ರೀಟ್ ಒಡೆಯುವಂಥ ಕೆಲಸಕ್ಕೆ ಈಗಲೂ ವಯರಿನ ಮೆಷಿನ್ನೇ ಅನುಕೂಲ.

ಕೊಳ್ಳುವ ಯುವಕರಿಗೆ ಎರಡು ಮಾತು. ಒಂದು ಕಂಪೆನಿಯ ಬ್ಯಾಟರಿ ಇನ್ನೊಂದರ ಮೆಷಿನ್ನಿಗೆ ಸಾಮಾನ್ಯವಾಗಿ ಹೊಂದುವುದಿಲ್ಲ. ಒಂದನ್ನೇ ಆರಿಸಿಕೊಂಡು ಎರಡು ಬ್ಯಾಟರಿ ಇಟ್ಟುಕೊಂಡರೆ ಒಂದು ಕೆಲಸದಲ್ಲಿ, ಇನ್ನೊಂದು ಚಾರ್ಜಿನಲ್ಲಿ. ಬ್ಯಾಟರಿಯನ್ನು ಬಿಸಿಲಿನಲ್ಲಿ ಬಿಡಬಾರದು, ಮೊಳೆಗಳ ಚೀಲದಲ್ಲಿ ಹಾಕಬಾರದು. ಉಬ್ಬಿದ ಬ್ಯಾಟರಿಯನ್ನು ಚಾರ್ಜಿಗೆ ಇಡಲೇಬಾರದು, ಬೆಂಕಿ ಹತ್ತಬಹುದು.

ಈಗ ಕೆಲಸ ಮಾಡಿಸುವ ನಮ್ಮ ಪಾಲಿನ ಮಾತು. ಹೊಸ ಮನೆ ಕಟ್ಟುವವನು ಮಾಳಿಗೆಯ ಸುತ್ತ ಅಡ್ಡಗೋಡೆ ಕಟ್ಟಲಿ, ಯಾರಾದರೂ ಬಿದ್ದರೆ ಆ ರಕ್ತದ ದೋಷ ಮನೆಗೆ ತಟ್ಟದಿರಲಿ ಎಂಬ ನಿಯಮ ಧರ್ಮೋಪದೇಶಕಾಂಡದಲ್ಲಿದೆ (22:8). ನಮ್ಮ ಮನೆಯಲ್ಲಿ ಬಿದ್ದವನ ಹೊಣೆ ನಮ್ಮದೂ ಹೌದು ಎಂಬುದು ಅದರ ಅರ್ಥ. ಕೂಲಿ ಚೌಕಾಸಿ ಮಾಡುವಾಗ ನಾವು ಇದನ್ನು ಮರೆಯುತ್ತೇವೆ. ಕಡಿಮೆ ದರ ಹೇಳಿದವನು ಹರಿದ ವಯರಿನೊಂದಿಗೆ ಬಂದರೆ, ಉಳಿದ ಹಣ ಯಾರ ಜೀವದ ಬೆಲೆ?

ಕೆಲಸ ಆರಂಭಿಸುವ ಮೊದಲು ಮನೆಯ ಇ.ಎಲ್.ಸಿ.ಬಿ.ಯ ಟೆಸ್ಟ್ ಗುಂಡಿ ಒತ್ತಿ ನೋಡೋಣ. ಎತ್ತರದಲ್ಲಿ ಕೆಲಸವಿದ್ದರೆ ಬೆಲ್ಟ್ ಇದೆಯೇ ಎಂದು ಕೇಳೋಣ. ಒಳ್ಳೆಯ ಮೆಷಿನ್ ತಂದವನು ನೂರಿನ್ನೂರು ಹೆಚ್ಚು ಕೇಳಿದರೆ ಕೊಡೋಣ. ಕೆಲಸ ಬೇಗ ಮುಗಿಯಿತೆಂದು ಕೂಲಿ ಕಡಿಯುವುದು ಬೇಡ. ಬೆಳಿಗ್ಗೆ ಬಂದವನು ಸಂಜೆ ಸುಖವಾಗಿ ಮನೆ ಸೇರಲಿ, ಹೆಂಡತಿ ಮಕ್ಕಳೊಂದಿಗೆ ಜಪಸರ ಹೇಳಲಿ. ಸಂತ ಜೋಸೆಫರು ನಮ್ಮ ದುಡಿಯುವ ಕೈಗಳನ್ನು ಕಾಯಲಿ.