ಗೋಧಿ ತಿಂದರೆ ಮೆದುಳು ಹಾಳಾಗುತ್ತದೆಯೇ?

ಎಲ್ಲರಿಗೂ ಅಲ್ಲ. ಗೋಧಿ, ಬಾರ್ಲಿಯಲ್ಲಿರುವ ಪ್ರೋಟೀನ್ ಗ್ಲುಟೆನ್. ಸೀಲಿಯಾಕ್ ಎಂಬ ಆಟೊಇಮ್ಯೂನ್ ಕಾಯಿಲೆಯವರು ಅದನ್ನು ತಿಂದರೆ ದೇಹದ ರೋಗನಿರೋಧಕ ವ್ಯವಸ್ಥೆ ಸ್ವಂತ ಕರುಳಿನ ಮೇಲೆಯೇ ದಾಳಿ ಮಾಡುತ್ತದೆ. ಅಪರೂಪಕ್ಕೆ, ಹೊಟ್ಟೆಯ ತೊಂದರೆಯೇ ಇಲ್ಲದವರಲ್ಲೂ ಗ್ಲುಟೆನ್‌ನಿಂದ ಕಿರುಮೆದುಳಿಗೆ ಪೆಟ್ಟು ಬಿದ್ದು ನಡಿಗೆ ತೂರಾಡುತ್ತದೆ. ಇದು ಗ್ಲುಟೆನ್ ಅಟಾಕ್ಸಿಯಾ. ತಡವಾದರೆ ಹಾನಿ ಶಾಶ್ವತ.

2016ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ರಕ್ತದಲ್ಲಿ ಸೀಲಿಯಾಕ್ ಪ್ರತಿಕಾಯ ಕಂಡುಬಂದವರು ಉತ್ತರ ಭಾರತದಲ್ಲಿ ಶೇ 1.23, ದಕ್ಷಿಣದಲ್ಲಿ ಶೇ 0.10 ಮಾತ್ರ. ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ರಾಗಿಮುದ್ದೆ, ಅನ್ನದಲ್ಲಿ ಗ್ಲುಟೆನ್ ಇಲ್ಲ. ಗೋಧಿರವೆ ಉಪ್ಪಿಟ್ಟು, ಪರೋಟದಲ್ಲಿದೆ. ಸೀಲಿಯಾಕ್ ಇದ್ದವರಿಗೆ ಗೋಧಿ ಬೀಸಿದ ಮಿಲ್ಲಿನಲ್ಲೇ ಬೀಸಿದ ರಾಗಿಹಿಟ್ಟೂ ಅಪಾಯವೇ.

ಟೈಪ್ 1 ಸಕ್ಕರೆ ಕಾಯಿಲೆ, ಆಟೊಇಮ್ಯೂನ್ ಥೈರಾಯ್ಡ್ ಇದ್ದವರಿಗೆ ಸೀಲಿಯಾಕ್ ಸಾಧ್ಯತೆ ಹೆಚ್ಚು. ಅನುಮಾನವಿದ್ದರೆ ವೈದ್ಯರನ್ನು ಕೇಳಿ, ಗೋಧಿ ಬಿಡುವ ಮೊದಲೇ ಟಿಟಿಜಿ ರಕ್ತಪರೀಕ್ಷೆ ಮಾಡಿಸಿ. ಬಿಟ್ಟ ಮೇಲೆ ಮಾಡಿಸಿದರೆ ಕಾಯಿಲೆ ಇದ್ದರೂ ರಿಪೋರ್ಟ್ ನಾರ್ಮಲ್ ಬರಬಹುದು.